ಹಮೀದಾಬಿ ಕೊಟ್ಟ ಹೇಳಿಕೆ

ಯುಗಾದಿ ಕಳೆದು ಹತ್ತು ದಿನವಾಗಿತ್ತು. ಮದುವೆಗಳ ಕಾಲ. ಕುರುಗೋಡು, ಸಿರುಗುಪ್ಪ, ಹಚ್ಚೊಳ್ಳಿ ಕಡೆಯ ಹೆಣ್ಣಿನ ಮನೆಯವರು ಜೋಡಿ ಗಾದಿ ಮಾಡಿಸಲು ಬಳ್ಳಾರಿಗೆ ಬರುವ ದಿನಗಳು. ಕೌಲ್‌ಬಜಾರಿನ ಆ ಸಣ್ಣ ಓಣಿಯಲ್ಲಿ ಬೆಳಗಿನ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಹಮೀದಾಬಿ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿ, ಅರಳೆ ತುಂಬಿದ ಗಾದಿಯ ಅಂಚಿಗೆ ದಬ್ಬಣ ಹಾಕುತ್ತ ಕೂತಿದ್ದಳು. ಎಪ್ಪತ್ತೆರಡು ವರ್ಷದ ಕೈ. ದಬ್ಬಣ ಆ ಬದಿಯಿಂದ ಈ ಬದಿಗೆ ಬರುವಷ್ಟರಲ್ಲಿ ಅರಳೆ ಎಲ್ಲಿ ಗಂಟಾಗಿದೆ, ಎಲ್ಲಿ ತೆಳುವಾಗಿದೆ ಎಂದು ಆ ಕೈಗೆ ತಿಳಿದುಬಿಡುತ್ತಿತ್ತು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗ ಶಾಬುದ್ದೀನ್ ಗಾಂಧಿನಗರದ ಗಾದಿ ಅಂಗಡಿಗೆ ಹೋಗಿದ್ದ. ಅರಳೆ ಹಿಂಜುವ ಯಂತ್ರ ಇದ್ದದ್ದು ಅಲ್ಲಿಯೇ. ಸೊಸೆ ಪರ್ವೀನ್ ತಂಗಿಯ ಬಾಣಂತನಕ್ಕೆಂದು ಸಿರುಗುಪ್ಪಕ್ಕೆ ಹೋಗಿ ವಾರವಾಗಿತ್ತು. ಮೊಮ್ಮಗ ಶಕೀಲ್ ಬ್ಯಾಂಕಿನ ಸಾಲದಲ್ಲಿ ಕೊಂಡ ತನ್ನ ಅದಿರಿನ ಟಿಪ್ಪರ್ ಲಾರಿಯ ಜೊತೆ ಸಂಡೂರಿನ ಕಡೆ ಇದ್ದ. ಮೊಮ್ಮಗಳು ಆಸ್ಫಿಯಾ ಟ್ಯೂಷನ್ ಹೇಳಿಕೊಡಲು ಹೋದವಳು ಇನ್ನು ಮಧ್ಯಾಹ್ನಕ್ಕೇ ಬರುವುದು.

ಓಣಿಯ ತಿರುವಿನಲ್ಲಿ ಬೈಕೊಂದು ನಿಂತಿತು. ಇಳಿದವನು ಸಾದಾ ಅಂಗಿ ತೊಟ್ಟಿದ್ದ. ಆದರೆ ಕಾಲಲ್ಲಿ ಕಂದು ಬೂಟು, ಗಿಡ್ಡಗೆ ಕತ್ತರಿಸಿದ ತಲೆ, ಕಂಕುಳಲ್ಲಿ ಫೈಲು. ಹಮೀದಾಬಿಗೆ ಅಷ್ಟು ಸಾಕಾಯಿತು. ಎರಡು ತಿಂಗಳ ಹಿಂದೆ ಶಕೀಲ್ ಅವಳ ಕಿವಿಯಲ್ಲಿ ಹೇಳಿದ್ದ: “ಅಜ್ಜಿ, ಪೊಲೀಸ್ನೋರು ಯಾರರ ಬಂದು ಕೇಳಿದ್ರ, ಆ ಮಂದಿ ಇಲ್ಲಿ ಇಲ್ಲ, ಕುರುಗೋಡಿಗೆ ಹೋದ್ರು ಅನ್ನು. ಅಪ್ಪಗ ಹೇಳಬ್ಯಾಡ.” ಒಂದು ಪರ್ಮಿಟ್ಟಿನ ಮೇಲೆ ಒಂದೇ ಸಲ ಅದಿರು ಸಾಗಿಸಬೇಕು. ಶಕೀಲ್ ಅದೇ ಚೀಟಿ ತೋರಿಸಿ ಎರಡು ಸಲ, ಕೆಲವು ದಿನ ಮೂರು ಸಲ ಓಡಿಸುತ್ತಿದ್ದ. ಆ ವರ್ಷಗಳಲ್ಲಿ ಎಲ್ಲರೂ ಓಡಿಸುತ್ತಿದ್ದರು.

“ಅಜ್ಜೀ, ಶಾಬುದ್ದೀನ್ ಅನ್ನೋರ ಮನಿ ಇದೇ ಏನು?”

“ಅವ್ರು ಇಲ್ಲಿ ಇಲ್ಲಪ್ಪ.”

“ಇಲ್ಲ ಅಂದ್ರ? ಕೆಲಸಕ್ಕ ಹೋಗ್ಯಾರೋ, ಮನೀನ ಬಿಟ್ಟಾರೋ?”

“ಮನೀನ ಬಿಟ್ಟಾರ. ಕುರುಗೋಡಿಗೆ ಹೋದ್ರು. ವರ್ಷದ ಮ್ಯಾಲಾತು.”

“ಅವ್ರ ಮಗಳು ಆಸ್ಫಿಯಾ ಅಂತ ಒಬ್ಬಾಕಿ ಇರಬೇಕಲ್ಲ? ಮ್ಯಾಲಿಂದ ವಿಚಾರಣಿಗೆ ಬಂದೈತಿ.”

ದಬ್ಬಣ ನಿಂತಿತು. ಪರ ಗಂಡಸಿನ ಬಾಯಲ್ಲಿ, ಅದರಲ್ಲೂ ಪೊಲೀಸಿನವನ ಬಾಯಲ್ಲಿ ಮನೆಯ ಹುಡುಗಿಯ ಹೆಸರು. ತಂಗಿಯ ಹೆಸರು ಹಿಡಿದುಕೊಂಡು ಅಣ್ಣನ ತನಕ ಬರುವ ಉಪಾಯ ಇದು ಎಂದುಕೊಂಡಳು.

“ಆಕಿನೂ ಅವ್ರ ಜೊತಿಗೇ ಹೋದ್ಳು.”

“ಮತ್ತ ನೀನ್ಯಾರು?”

“ನಾನು ಬಾಡಿಗಿ ಅದೀನಿ. ಕೂಲಿಗೆ ಗಾದಿ ಹೊಲಿತೀನಿ.”

ಎದುರು ಮನೆಯ ವಿರೂಪಮ್ಮ ಮಂಚದ ಮೇಲೆ ಶಾವಿಗೆ ಒಣಹಾಕುತ್ತಿದ್ದಳು. ಲಾರಿಯ ಸಂಗತಿ ಅವಳಿಗೂ ಗೊತ್ತು. ಕೈ ಒರೆಸಿಕೊಳ್ಳುತ್ತ ಬಂದವಳು, “ಆಯಮ್ಮ ಹೇಳೋದು ಖರೇರೀ. ವರ್ಷ ಅಲ್ಲ, ಒಂದೂವರಿ ವರ್ಷ ಆತು ನೋಡ್ರಿ. ನನ್ನ ಹಿತ್ತಾಳಿ ಕೊಳಗಾನೂ ಒಯ್ದಾರ, ಮದುವಿಗೆ ಅಂತ ಇಸ್ಕೊಂಡು!” ಎಂದಳು.

ಪೊಲೀಸಿನವನು ನಕ್ಕ. ಫೈಲಿನ ಮೇಲೆ ಹಾಳೆಯಿಟ್ಟು ನಾಲ್ಕು ಸಾಲು ಬರೆದ. ವಿರೂಪಮ್ಮ ವಯಸ್ಕರ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ, ನಾಲಿಗೆ ಹೊರಗೆ ಚಾಚಿ, ಸಹಿ ಮಾಡಿದಳು. ಹಮೀದಾಬಿ ಹೆಬ್ಬೆಟ್ಟು ಒತ್ತಿದಳು. ಅವನು ಹೋದ ಮೇಲೆ ಇಬ್ಬರೂ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ಮರುದಿನ ಮನೆಗೆ ಬಂದ ಶಕೀಲ್ ಬಚ್ಚಲಲ್ಲಿ ಮೈಯ ಕೆಂಪು ಧೂಳು ತೊಳೆಯುತ್ತಿದ್ದಾಗ ಹಮೀದಾಬಿ ಮೆಲ್ಲಗೆ, “ಒಬ್ಬ ಬಂದಿದ್ದ. ಕಳಿಸಿದೆ” ಎಂದಳು.

“ಶಾಬಾಶ್ ಅಜ್ಜಿ! ನೀನು ವಕೀಲ ಆಗಬೇಕಿತ್ತು.”

ಆ ಮಾತು ಅಲ್ಲಿಗೆ ಮುಗಿಯಿತು. ಬಂದವನು ಯಾರ ಹೆಸರು ಕೇಳಿದ ಎಂದು ಶಕೀಲ್ ಕೇಳಲಿಲ್ಲ, ಇವಳು ಹೇಳಲಿಲ್ಲ.

ಆಸ್ಫಿಯಾ ಬಳ್ಳಾರಿಯಲ್ಲೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ತಿರುವನಂತಪುರದ ಬಾಹ್ಯಾಕಾಶ ಕೇಂದ್ರದ ಕೆಲಸಕ್ಕೆ ಬೆಂಗಳೂರಿನಲ್ಲಿ ಪರೀಕ್ಷೆ ಬರೆದು, ಜನವರಿಯಲ್ಲಿ ಸಂದರ್ಶನವನ್ನೂ ಮುಗಿಸಿ ಬಂದಿದ್ದಳು. ರಾಕೆಟ್ಟಿನ ಇಂಧನ ಎಷ್ಟು ತಣ್ಣಗೆಂದರೆ ಹೊರಗಿನ ಕಾವು ಒಂದಿಷ್ಟು ತಾಗಿದರೂ ಆವಿಯಾಗಿಬಿಡುತ್ತದೆ. ಅದಕ್ಕೇ ಟ್ಯಾಂಕಿನ ಸುತ್ತ ಕಾವು ತಡೆಯುವ ಹೊದಿಕೆ ಬೇಕು. ಆಸ್ಫಿಯಾಳ ಓದು ಆ ಹೊದಿಕೆಯ ಮೇಲಿತ್ತು. ಶಾಬುದ್ದೀನ್ ಅಂಗಡಿಗೆ ಬಂದವರಿಗೆಲ್ಲ “ನನ್ನ ಮಗಳು ರಾಕೆಟ್ಟಿಗೆ ಗಾದಿ ಹೊಲಿತಾಳ” ಎನ್ನುವನು. “ಗಾದಿ ಅಲ್ಲಪ್ಪ” ಎಂದು ಅವಳು ಸಿಟ್ಟಾಗುವಳು. ಆದರೆ ಸಂದರ್ಶನದಲ್ಲಿ, ಪದರಗಳನ್ನು ಬಿಗಿಯಾಗಿ ಹೊಲಿದರೆ ಏನಾಗುತ್ತದೆ ಎಂದು ಕೇಳಿದಾಗ ಅವಳಿಗೆ ಪುಸ್ತಕಕ್ಕಿಂತ ಮೊದಲು ನೆನಪಾದದ್ದು ಅಜ್ಜಿ ಬೈಯುವ ಮಾತೇ. ಬಿಗಿ ಎಳೆದರೆ ಒಳಗಿನ ಗಾಳಿ ಸತ್ತು ಗಾದಿ ಹಲಗೆಯಾಗುತ್ತದೆ, ಬೆಚ್ಚಗಿರುವುದಿಲ್ಲ. “ಅಲ್ಲಿ ಪದರದ ನಡುವ ಗಾಳಿ ಇರಂಗಿಲ್ಲ, ಆದರೂ ಪದರಕ್ಕ ಪದರ ಒತ್ತಬಾರದು, ಅದನ್ನ ಹೇಳಿದೆ” ಎಂದು ಬಂದು ಹೇಳಿದ್ದಳು. ಹಮೀದಾಬಿ ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಆಯ್ಕೆಯಾದ ಪತ್ರ ಬಂದದ್ದು ಮಾರ್ಚಿನಲ್ಲಿ. ನೇಮಕದ ಆದೇಶ ಬೇರೆ ಬರಬೇಕಿತ್ತು. ವೈಶಾಖ ಬಂತು, ಅದು ಬರಲಿಲ್ಲ. ಪರ್ವೀನ್ ಸಿರುಗುಪ್ಪದಿಂದ ವಾಪಸ್ಸು ಬಂದು ಒಲೆ ಹಿಡಿದಳು. ಹನ್ನೊಂದು ಗಂಟೆಗೆ ಪೋಸ್ಟ್‌ಮನ್ ಓಣಿಗೆ ಬರುವ ಹೊತ್ತಿಗೆ ಆಸ್ಫಿಯಾ ಏನಾದರೊಂದು ನೆಪ ಮಾಡಿಕೊಂಡು ಬಾಗಿಲಲ್ಲಿರುವಳು.

“ಇನ್ನ ಎಷ್ಟು ದಿವಸ ಕಾಯ್ತಿ?” ಒಂದು ರಾತ್ರಿ ಊಟಕ್ಕೆ ಕೂತಾಗ ಶಕೀಲ್ ಕೇಳಿದ. “ನಮ್ಮ ಕಂಪನಿ ಲ್ಯಾಬಿನಾಗ ಜಾಗ ಖಾಲಿ ಐತಿ. ಇಪ್ಪತ್ತೈದು ಸಾವಿರ. ನಾಳೆ ಹೋದ್ರ ನಾಡಿದ್ದು ಕುರ್ಚಿ.”

“ಅದಿರು ಪುಡಿ ಮಾಡಿ ನೋಡಾಕ ನಾಕು ವರ್ಷ ಓದಿದ್ನಾ?”

“ಆ ಪುಡಿ ಮಾರಿದ ರೊಕ್ಕದಾಗ ಓದಿದ್ದಿ, ಮರಿಬ್ಯಾಡ.”

“ಲೇ ಶಕೀಲ್, ಉಣ್ಣೋ ಮುಂದ ಬಾಯಿ ಮುಚ್ಚಲೇ” ಎಂದ ಶಾಬುದ್ದೀನ್.

“ನಾನೇನು ತಪ್ಪು ಅಂದೆ ಅಪ್ಪ? ಆ ಮಂದಿ ಕರೀಲಿಲ್ಲ ಅಂದ್ರ? ವರ್ಷಗಟ್ಲೆ ಮ್ಯಾಲ ನೋಡ್ಕೋತ ಕುಂದ್ರಬೇಕಾ?”

“ಕರೀತಾರ” ಎಂದಳು ಆಸ್ಫಿಯಾ. ಅಷ್ಟೇ ಹೇಳಿ, ತಟ್ಟೆಯಲ್ಲಿ ಅನ್ನ ಉಳಿದಂತೆ ಎದ್ದಳು. ಪರ್ವೀನ್ ಆ ಅನ್ನವನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

ಮುಂದಿನ ವಾರ ದಾವಣಗೆರೆಯ ಗೆಳತಿ ರೇಣುಕಾ ಫೋನು ಮಾಡಿದಳು. ಅವಳೂ ಅದೇ ಕೆಲಸಕ್ಕೆ ಆಯ್ಕೆಯಾದವಳು. ಆಸ್ಫಿಯಾ ಮಾತು ಮುಗಿಸಿ ಅಮ್ಮನ ಬಳಿ ಬಂದು ಕೂತಳು. ಹಮೀದಾಬಿ ಪಕ್ಕದಲ್ಲೇ ಹಳೇ ಗಾದಿಯ ಅರಳೆ ಬಿಡಿಸಿ ಕಸ ಆರಿಸುತ್ತಿದ್ದಳು.

“ರೇಣುಕಾಗ ಆರ್ಡರ್ ಬಂತಂತವ್ವ. ಆಕಿಗೆ ಪೊಲೀಸ್ ವಿಚಾರಣಿನೂ ಮುಗದೈತಂತ.”

“ಪೊಲೀಸ್ ಯಾಕ? ಏನ್ ಮಾಡ್ಯಾಳ ಆಕಿ?”

“ಏನೂ ಮಾಡಿಲ್ಲ. ಸರ್ಕಾರಿ ಕೆಲಸಕ್ಕ ಹಂಗ. ಒಬ್ಬಾತ ಮನಿಗೆ ಬರ್ತಾನಂತ, ಈ ಹುಡುಗಿ ಇಲ್ಲೇ ಇರ್ತಾಳೇನು ಅಂತ ಕೇಳ್ತಾನಂತ, ಮಗ್ಗಲಮನಿಯೋರ ಸಹಿ ಇಸ್ಕೊಂಡು ಹೋಗ್ತಾನಂತ. ನಾನು ಠಾಣೆಗೆ ಕರೀತಾರ ಅಂತ ಕಾಯ್ತಿದ್ದೆ. ನಮ್ಮನಿಗೆ ಯಾರೂ ಬಂದಿಲ್ಲ, ಅಲ್ಲಜ್ಜಿ?”

ಹಮೀದಾಬಿಯ ಬೆರಳಲ್ಲಿ ಒಂದು ಹತ್ತಿಬೀಜ ಸಿಕ್ಕಿತ್ತು. ಅದನ್ನು ಹಿಡಿದುಕೊಂಡೇ ಇದ್ದಳು.

“ಇಲ್ಲ” ಎಂದಳು.

ಆ ಒಂದು ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಎತ್ತಿಕೊಳ್ಳಲು ಅವಳಿಗೆ ದಾರಿ ಕಾಣಲಿಲ್ಲ. ಹಗಲೆಲ್ಲ ಗಾದಿ ಹೊಲಿದಳು. ಹೊಲಿಗೆ ಎರಡು ಕಡೆ ವಾರೆಯಾಯಿತು. ಬಿಚ್ಚಿ ಮತ್ತೆ ಹಾಕಿದಳು. ಸಂಜೆ ವಿರೂಪಮ್ಮನ ಮನೆಗೆ ಹೋಗಿ ಎಲ್ಲ ಹೇಳಿದಳು.

“ಯವ್ವಾ, ಹೌದಾ!” ವಿರೂಪಮ್ಮ ತಲೆಗೆ ಕೈ ಹಚ್ಚಿಕೊಂಡಳು. ಬಾಗಿಲು ಮುಂದೆ ಮಾಡಿ, “ಈಗ ಬಾಯಿ ಬಿಡಬ್ಯಾಡ ನೀನು. ಸುಳ್ಳು ಯಾಕ ಹೇಳಿದ್ರಿ ಅಂತ ಕೇಳ್ತಾರ. ಏನಂತಿ? ಹುಡುಗನ ಲಾರಿ ಹೋಗ್ತೈತಿ. ಬ್ಯಾಂಕಿನೋರು ಬಾಗಿಲಿಗೆ ಬರ್ತಾರ. ಹೆಣ್ಣುಹುಡುಗಿಗೇನು, ಇಲ್ಲೇ ಕೆಲಸ ಐತಿ. ಕಣ್ಣ ಮುಂದ ಇರ್ತಾಳ” ಎಂದಳು.

ಕಣ್ಣ ಮುಂದೆ ಇರುತ್ತಾಳೆ ಎಂಬ ಮಾತು ಹಮೀದಾಬಿಗೂ ಹಿತವಾಯಿತು. ಹಿತವಾದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಐದು ಹೊತ್ತು ನಮಾಜಿಗೆ ಕೂತರೂ ಆ ಒಂದನ್ನು ದೇವರ ಮುಂದೆ ಇಡಲು ಬಾಯಿ ಬರಲಿಲ್ಲ. ದಿನಾ ಹನ್ನೊಂದಕ್ಕೆ ಹುಡುಗಿ ಬಾಗಿಲಿಗೆ ಹೋಗುವುದನ್ನು, ಬರಿಗೈಯಲ್ಲಿ ಒಳಗೆ ಬರುವುದನ್ನು ಕಟ್ಟೆಯ ಮೇಲೆ ಕೂತು ನೋಡಿದಳು. ಮನೆ ತುಂಬ ಜನವಿದ್ದೂ ಅವಳು ಒಬ್ಬಳೇ ಆದಳು.

ಜೂನ್ ಎರಡನೇ ವಾರ ಕಾಗದ ಬಂತು. ಆಸ್ಫಿಯಾ ನಿಂತಲ್ಲೇ ಓದಿದಳು. ಕೊಟ್ಟ ವಿಳಾಸದಲ್ಲಿ ಅಭ್ಯರ್ಥಿ ವಾಸವಿಲ್ಲ, ಮನೆಯವರು ಕುರುಗೋಡಿಗೆ ಹೋಗಿದ್ದಾರೆ ಎಂದು ಪೊಲೀಸ್ ವರದಿ ಬಂದಿದೆ. ಹದಿನೈದು ದಿನದೊಳಗೆ ಠಾಣೆಯಿಂದ ಸರಿಯಾದ ವರದಿ ತರಿಸದಿದ್ದರೆ ಆಯ್ಕೆ ರದ್ದಾಗುತ್ತದೆ. ಶಾಬುದ್ದೀನ್ ಅಂಗಡಿ ಮುಚ್ಚಿಕೊಂಡು ಓಡಿಬಂದ. ಶಕೀಲ್ ಆಗಷ್ಟೇ ಬಂದು ಊಟಕ್ಕೆ ಕೂತಿದ್ದ.

“ನಿನಗ ಠಾಣೆಯೋರೆಲ್ಲಾ ಗುರ್ತು” ಎಂದಳು ಆಸ್ಫಿಯಾ, ಕಾಗದವನ್ನು ಅವನ ತಟ್ಟೆಯ ಪಕ್ಕಕ್ಕೆ ಇಟ್ಟು. “ನೀನ ಬರಸೀದಿ ಅಣ್ಣ.”

“ಏನ್ ಬರಸೀನಿ?”

“ಕುರುಗೋಡಿಗೆ ಹೋಗ್ಯಾರ ಅಂತ. ನಾನು ನಿಮ್ಮ ಕಂಪನಿಗೆ ಬರಲಿ ಅಂತ.”

“ಆಸ್ಫಿಯಾ!” ಎಂದಳು ಪರ್ವೀನ್.

“ಕೇಳವ್ವ ಅವನ್ನ. ಕುರುಗೋಡು ಅಂತ ಹೊರಗಿನೋರಿಗೆ ಹೆಂಗ ಗೊತ್ತಾತು? ನಮ್ಮ ಹಳೇ ಮನಿ ಅಲ್ಲೈತಿ ಅಂತ ಯಾರು ಹೇಳಿದ್ರು?”

ಶಕೀಲ್ ಕಾಗದ ಎತ್ತಿ ನೋಡಿದ. ಅದು ಇಂಗ್ಲಿಷಿನಲ್ಲಿತ್ತು. ಅವನು ಪಿಯುಸಿಗೆ ಓದು ಬಿಟ್ಟವನು. ನೋಡುತ್ತ ನೋಡುತ್ತ ಅವನ ಕಣ್ಣು ಮೆಲ್ಲಗೆ ಅಜ್ಜಿಯ ಕಡೆ ತಿರುಗಿತು. ಹಮೀದಾಬಿ ತಲೆ ಎತ್ತಲಿಲ್ಲ. ಅವನಿಗೆ ತಿಳಿಯಿತು ಎಂದು ಅವಳಿಗೆ ತಿಳಿಯಿತು. ಆದರೆ ಅವನು ಅಜ್ಜಿಯ ಹೆಸರು ಎತ್ತಲಿಲ್ಲ.

“ನಿನ್ನ ಬಾಯಾಗ ಇಂಥಾ ಮಾತು ಬಂತಲ್ಲ. ಸಾಕು” ಎಂದ. ತಟ್ಟೆ ಸರಿಸಿ, ಕೈ ತೊಳೆದು, ಬಿಸಿಲಲ್ಲೇ ಹೊರಗೆ ಹೋದ.

ಮರುದಿನ ಬೆಳಿಗ್ಗೆ ಮಗ, ಸೊಸೆ ಏಳುವ ಮೊದಲೇ ಹಮೀದಾಬಿ ಬುರ್ಖಾ ಹಾಕಿಕೊಂಡು ಹೊರಟಳು. ಠಾಣೆಯ ಮುಂದಿನ ಬೇವಿನ ಮರದ ಕೆಳಗೆ ಎರಡು ಗಂಟೆ ಕೂತಳು. ಕಂದು ಬೂಟಿನವನು ಬಂದ. ಅವನ ಹೆಸರು ಅಯ್ಯಣ್ಣ ಎಂದು ಅಲ್ಲಿಯವರು ಹೇಳಿದ್ದರು.

“ಅಪ್ಪಾ, ನಾನು ಅವತ್ತು ನಿನಗ ಸುಳ್ಳು ಹೇಳಿದ್ದೆ.”

“ಯಾವ ಸುಳ್ಳು ಯವ್ವಾ? ಇಲ್ಲಿಗೆ ದಿವಸಕ್ಕ ನೂರು ಬರ್ತಾವ.”

ಹೇಳಿದಳು. ಅವನು ಫೈಲು ಹುಡುಕಿ ತೆಗೆದು, ಹೆಬ್ಬೆಟ್ಟಿನ ಗುರುತು ನೋಡಿ, ಅವಳನ್ನು ನೋಡಿದ. “ಬಾಡಿಗಿ ಅದೀನಿ ಅಂದಿದ್ದಿಯಲ್ಲಜ್ಜಿ! ಯಾಕ ಹಂಗಂದಿ?”

“ವಯಸ್ಸಾತಪ್ಪ. ಮರತು ಹೇಳಿದೆ.”

“ನೀನು ಮರತಿ. ಎದುರುಮನಿ ಆಯಮ್ಮನೂ ಮರತಳಾ? ಕೊಳಗದ ಲೆಕ್ಕ ಹೇಳಿದ್ಳು. ಹಿಂಗ ಬರದು ಕಳಿಸಿದ್ರ ಮ್ಯಾಲಿನೋರು ನನ್ನ ಮಾರಿಗೆ ಒಗೀತಾರ. ಇದು ರಾಕೆಟ್ಟಿನ ಕೆಲಸ. ಮೊದಲ ಇಲ್ಲ ಅಂತ ಬರದು, ಈಗ ಐತಿ ಅಂತ ಬರೀಬೇಕಂದ್ರ ಖರೇ ಕಾರಣ ಬೇಕು.”

ಹಮೀದಾಬಿ ಅವನ ಕೈಯಲ್ಲಿದ್ದ ಪೆನ್ನನ್ನು ನೋಡಿದಳು. ಹೊರಗೆ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ನೆಲ ಸಣ್ಣಗೆ ನಡುಗುತ್ತಿತ್ತು.

“ಮೊಮ್ಮಗನ ಲಾರಿ ಕೇಳಾಕ ಬಂದೀರಿ ಅನ್ಕೊಂಡೆ” ಎಂದಳು.

ಪೆನ್ನು ಹಾಳೆಯ ಮೇಲೆ ಕೂತಿತು. “ಯಾವ ಲಾರಿ?”

“ನಂಬರು ನನಗ ಬರಂಗಿಲ್ಲ. ಹಸಿರು ಟಿಪ್ಪರು. ಮುಂದ ಗ್ಲಾಸಿನ ಮ್ಯಾಲ ಅವನ ತಂಗಿ ಹೆಸರು ಬರಸ್ಯಾನ.”

ಅಯ್ಯಣ್ಣ ಬಹಳ ಹೊತ್ತು ಬರೆದ. ಬರೆದದ್ದನ್ನು ಓದಿ ಹೇಳಿದ. ಲಾರಿಯೂ ಅದರಲ್ಲಿತ್ತು. “ಬರೀದಿದ್ರ ನಡಿಯಂಗಿಲ್ಲ ಅಜ್ಜಿ” ಎಂದು ತಾನಾಗೇ ಹೇಳಿದ. ಅವಳು ಎರಡನೇ ಸಲ ಹೆಬ್ಬೆಟ್ಟು ಒತ್ತಿದಳು.

ಮೂರು ದಿನದ ಮೇಲೆ ಅಯ್ಯಣ್ಣ ಮನೆಗೆ ಬಂದ. ಶಾಬುದ್ದೀನ್ ಕುರ್ಚಿ ಹಾಕಿದ, ಪರ್ವೀನ್ ಚಹಾ ಕೊಟ್ಟಳು. ಅವನು ಆಸ್ಫಿಯಾಳ ಅಂಕಪಟ್ಟಿ, ರೇಷನ್ ಕಾರ್ಡು ನೋಡಿ, “ನಿಮ್ಮ ಅಜ್ಜಿ ಬಂದು ಹೇಳಿಕಿ ಕೊಟ್ಟಿದ್ದಕ್ಕ ಚಲೋ ಆತು. ಅವತ್ತು ಅವ್ರೇ ಇಲ್ಲ ಅಂದು ಕಳಿಸಿದ್ರು, ಗೊತ್ತಿಲ್ಲದ” ಎಂದ. ಲಾರಿಯ ಮಾತು ಅವನೂ ಎತ್ತಲಿಲ್ಲ.

ಅವನು ಹೋದ ಮೇಲೆ ಆಸ್ಫಿಯಾ ಅಜ್ಜಿಯ ಮುಂದೆ ಬಂದು ನಿಂತಳು.

“ಬಂದಿಲ್ಲ ಅಂದಿದ್ದಿ ನನಗ.”

“ಹ್ಞೂಂ.”

“ಇಷ್ಟು ದಿವಸ ನಾನು ಪೋಸ್ಟ್‌ಮನ್ ದಾರಿ ನೋಡೋದು ನೋಡ್ಕೋತ ಕುಂತಿದ್ದಿ.”

“ತಪ್ಪಾತು ಮಗಾ.”

“ಅಣ್ಣಗ ಅಂದೆನಲ್ಲ ನಾನು. ಆವಾಗರ ಹೇಳಬೇಕಿಲ್ಲ?”

ಅಣ್ಣನ ಬಳಿ ಹೋಗಿ ತಪ್ಪಾಯಿತೆಂದು ಹೇಳು ಎಂದು ಪರ್ವೀನ್ ಎರಡು ಸಲ ಹೇಳಿದಳು. ಆಸ್ಫಿಯಾ ಹೋಗಲಿಲ್ಲ. ಹೋಗಬಾರದೆಂದಲ್ಲ, ಅವನು ಮನೆಗೆ ಬರುವ ಹೊತ್ತಿಗೆ ಅವಳಿಗೆ ಏನಾದರೊಂದು ಕೆಲಸ ಬರುತ್ತಿತ್ತು.

ಜುಲೈನಲ್ಲಿ ಆದೇಶ ಬಂತು. ಹೊರಡುವ ದಿನ ಶಕೀಲ್ ಒಂದು ಸರದಿ ಬಿಟ್ಟು ಬಂದ. ಟ್ರಂಕನ್ನು ಹೆಗಲ ಮೇಲೆ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಗುಂತಕಲ್ಲಿಗೆ ಹೋಗಿ ರೈಲು ಹಿಡಿಯಬೇಕು. ಅಪ್ಪ, ಅಣ್ಣ ಇಬ್ಬರೂ ಜೊತೆಗೆ ಹೋದರು. ಆಸ್ಫಿಯಾ ಅಜ್ಜಿಗೆ ಸಲಾಂ ಹೇಳಿದಳು. ಬಾಗಿಲಲ್ಲಿ ನಿಂತೇ ಹೇಳಿದಳು, ಒಳಗೆ ಬಂದು ಕೈ ಹಿಡಿಯಲಿಲ್ಲ.

ಮಗ ವಾಪಸ್ಸು ಬಂದಾಗ ಹಮೀದಾಬಿ ಕೇಳಿದಳು: “ಅಣ್ಣ ತಂಗಿ ಮಾತಾಡಿದ್ರಾ?”

“ಎಲ್ಲಿ ಮಾತು? ಇವ ಕಿಟಕಿ ಹತ್ರ ನೀರಿನ ಬಾಟ್ಲಿ ಕೊಟ್ಟ. ಆಕಿ ಇಸ್ಕೊಂಡ್ಳು. ರೈಲು ಹೋತು.”

ಆಗಸ್ಟಿನ ಒಂದು ದಿನ ತೋರಣಗಲ್ಲಿನ ರಸ್ತೆಯಲ್ಲಿ ಪೊಲೀಸರು ಮೂವತ್ತು ಲಾರಿ ಹಿಡಿದರು. ಶಕೀಲ್ ಮಧ್ಯಾಹ್ನವೇ ಬಸ್ಸು ಹಿಡಿದು ಮನೆಗೆ ಬಂದ. ಶಾಬುದ್ದೀನ್ ಸಮಾಧಾನ ಹೇಳಿದ: “ಎಲ್ಲಾರದೂ ಹಿಡದಾರಲೇ. ನಿಂದೊಂದ ಏನು?”

“ಎಲ್ಲಾರದೂ ಆಮ್ಯಾಲ ಹಿಡಿದ್ರಪ್ಪ. ಮೊದಲು ನಂದು. ‘ಗ್ಲಾಸಿನ ಮ್ಯಾಲ ಆಸ್ಫಿಯಾ ಅಂತ ಇರೋ ಹಸಿರು ಗಾಡಿ ಯಾವ್ದು’ ಅಂತ ಕೇಳ್ಕೋತ ಬಂದ್ರು. ಯಾರೋ ಹೇಳ್ಯಾರ. ನನ್ನ ಗಾಡಿ ನಿಲ್ಲಿಸಿದ ಮ್ಯಾಲ ಹಿಂದಿನವೆಲ್ಲಾ ಸಿಕ್ಕುಬಿದ್ವು.”

ಹಮೀದಾಬಿ ಅವನ ತಟ್ಟೆಗೆ ಸಾರು ಬಡಿಸುತ್ತಿದ್ದಳು. ಸೌಟನ್ನು ಪಾತ್ರೆಯೊಳಗೆ ಇಟ್ಟಳು.

“ನಾನ ಹೇಳಿದೆ.”

ಮೂವರೂ ಅವಳನ್ನು ನೋಡಿದರು.

“ಆಕಿ ಕಾಗದ ಸರಿ ಮಾಡಾಕ ಹೋದಾಗ. ಯಾಕ ಸುಳ್ಳು ಹೇಳಿದಿ ಅಂತ ಕೇಳಿದ್ರು. ಖರೇ ಹೇಳದಿದ್ರ ಬರಿಯಂಗಿಲ್ಲ ಅಂದ್ರು. ಹೇಳಿದೆ.”

ಪರ್ವೀನ್ “ಯಾ ಅಲ್ಲಾ” ಎಂದು ಅಲ್ಲೇ ಕೂತಳು. ಶಕೀಲ್ ಕೂಗಾಡಲಿಲ್ಲ. ತಟ್ಟೆಯಲ್ಲಿದ್ದುದನ್ನು ಕೊನೆಯ ತನಕ ಉಂಡ. ಆಮೇಲೆ ತನ್ನ ತಟ್ಟೆಯನ್ನು ತಾನೇ ತೊಳೆದು ಬೋರಲು ಹಾಕಿದ. ಆ ಮನೆಯಲ್ಲಿ ಅವನು ಹಾಗೆ ಮಾಡಿದ್ದು ಅದೇ ಮೊದಲು.

“ನನಗ ಒಂದು ಮಾತು ಹೇಳಬಹುದಿತ್ತಲ್ಲ ಅಜ್ಜಿ” ಎಂದ, ಬೆನ್ನು ಹಾಕಿಕೊಂಡೇ. “ನಾನ ಬಂದು ಬರಸಿ ಕೊಡ್ತಿದ್ದೆ.”

ಆ ದಾರಿಯೊಂದಿತ್ತೆಂದು ಹಮೀದಾಬಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಕದ್ದು ಓಡಿಸುವವನು ತಂಗಿಗಾಗಿ ತಾನೇ ಠಾಣೆಯ ಮೆಟ್ಟಿಲು ಹತ್ತಿಯಾನು ಎಂದು ಅವಳು ಎಣಿಸಿರಲಿಲ್ಲ. ಮರುದಿನ ಅವನು ಹೊಸಪೇಟೆಗೆ ಹೋಗಿ ಇನ್ನೊಬ್ಬರ ಲಾರಿಗೆ ಸಂಬಳದ ಡ್ರೈವರಾದ. ಅವನ ಟಿಪ್ಪರನ್ನು ಬ್ಯಾಂಕಿನವರು ತೆಗೆದುಕೊಂಡರು.

ಭಾನುವಾರ ಭಾನುವಾರ ಆಸ್ಫಿಯಾ ಫೋನು ಮಾಡುತ್ತಾಳೆ. ಅಪ್ಪನ ಜೊತೆ ಮಾತಾಡುತ್ತಾಳೆ, ಅಮ್ಮನ ಜೊತೆ ಮಾತಾಡುತ್ತಾಳೆ. ಹಾಸ್ಟೆಲಿನಲ್ಲಿ ಕೆಂಪನೆಯ ದಪ್ಪ ಅನ್ನ. ಕನ್ನಡ ಬಲ್ಲವಳು ರೇಣುಕಾ ಒಬ್ಬಳು. ಅವಳನ್ನೂ ಬೇರೆ ವಿಭಾಗಕ್ಕೆ ಹಾಕಿದ್ದಾರೆ. ಹಗಲೆಲ್ಲ ಮುಸುಕು, ಕೈಗವಸು ಹಾಕಿಕೊಂಡು, ಉಸಿರೂ ತಾಗದ ಹಾಗೆ ತೆಳು ಹಾಳೆಗಳನ್ನು ಪದರ ಪದರ ಜೋಡಿಸಿ, ಕಾವು ಎಷ್ಟು ನುಸುಳಿತೆಂದು ಬರೆದಿಡುವ ಕೆಲಸ. ಅವಳ ಕೈಯ ಹೊದಿಕೆ ಒಂದು ಮೇಲೆ ಹೋಗಬೇಕಾದರೆ ಇನ್ನೂ ಆರೇಳು ವರ್ಷ ಬೇಕಂತೆ. ಲಾರಿ ಹೋದದ್ದು ಹೇಗೆಂದು ಅಪ್ಪ ಒಂದು ಭಾನುವಾರ ಹೇಳಿದ. “ಅಣ್ಣನ ನಂಬರು ಐತಿ ನನ್ನ ಹತ್ರ” ಎಂದಳಂತೆ. ಫೋನು ಮಾಡಿದಳೋ ಇಲ್ಲವೋ ಗೊತ್ತಿಲ್ಲ. ಪ್ರತಿ ಸಲವೂ ಕೊನೆಗೆ “ಅಜ್ಜಿ ಹೆಂಗದಾಳ?” ಎನ್ನುತ್ತಾಳೆ. “ಆರಾಮದಾಳ” ಎನ್ನುತ್ತಾಳೆ ಪರ್ವೀನ್. ಹಮೀದಾಬಿ ಪಕ್ಕದಲ್ಲೇ ಕೂತಿರುತ್ತಾಳೆ.

ಶಕೀಲ್ ತಿಂಗಳಿಗೊಂದು ದಿನ ಬರುತ್ತಾನೆ. ಸಂಬಳ ಅಮ್ಮನ ಕೈಗೆ ಕೊಟ್ಟು, ಹೊರಗೇ ಏನೋ ತಿಂದೆನೆಂದು ಹೇಳಿ, ಸಂಜೆಯ ಬಸ್ಸಿಗೆ ಹೋಗುತ್ತಾನೆ. ಮೂರು ತಿಂಗಳು ಹೀಗೇ ಆಯಿತು. ಅವನು ಬರುವ ದಿನ ಹಮೀದಾಬಿ ತಪ್ಪದೆ ಜೋಳದ ರೊಟ್ಟಿ ಬಡಿಯುತ್ತಾಳೆ. ಬಡಿದು, ಬಟ್ಟೆ ಮುಚ್ಚಿ, ಒಳಕೋಣೆಗೆ ಹೋಗಿ ಕೂರುತ್ತಾಳೆ.

ನಾಲ್ಕನೇ ತಿಂಗಳು ಅವನು ಬಂದಾಗ ಅಪ್ಪ ಊಟಕ್ಕೆ ಕೂತಿದ್ದ. “ಕುಂದ್ರಲೇ” ಎಂದ. ಶಕೀಲ್ ಸ್ವಲ್ಪ ಹೊತ್ತು ನಿಂತು, ಕೂತ. ಪರ್ವೀನ್ ರೊಟ್ಟಿ ಹಾಕಿದಳು. ಪರ್ವೀನಳ ರೊಟ್ಟಿ ದಪ್ಪ, ಅತ್ತೆಯದು ಹಾಳೆಯಂತೆ ತೆಳು. ಅದು ಯಾರ ಕೈಯದೆಂದು ಆ ಮನೆಯಲ್ಲಿ ಕೇಳಬೇಕಿಲ್ಲ. ಒಳಕೋಣೆಯಲ್ಲಿ ಹಮೀದಾಬಿ ಹೊಲಿಯುತ್ತಿದ್ದ ತಲೆದಿಂಬನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಳು. ಕಟಕಟನೆ ರೊಟ್ಟಿ ಮುರಿಯುವ ಸದ್ದು ಕೇಳಿತು. ನಿಂತಿತು. ಮತ್ತೆ ಕೇಳಿತು.

“ಇನ್ನೊಂದು ಹಾಕ್ಲಾ?” ಎಂದಳು ಪರ್ವೀನ್.

“ಇವತ್ತಿಗೆ ಸಾಕು” ಎಂದ ಶಕೀಲ್.